ಒಣ ಕ್ರ್ಯಾನ್‌ಬೆರಿಗೆ ನಮ್ಮ ಅಡುಗೆಯಲ್ಲಿ ಜಾಗವಿದೆಯೇ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಈ ಸಲ ಬಂದಾಗ ಒಣ ಕ್ರ್ಯಾನ್‌ಬೆರಿಯ ಎರಡು ದೊಡ್ಡ ಪೊಟ್ಟಣ ಕೊಟ್ಟು ಹೋಗಿದ್ದಾಳೆ. ಬಾಯಿಗೆ ಹಾಕಿಕೊಂಡರೆ ಹುಳಿಯೂ ಹೌದು, ಸಿಹಿಯೂ ಹೌದು. ಇದನ್ನು ಒಣದ್ರಾಕ್ಷಿಯ ಹಾಗೇ ಬಳಸಬಹುದೇ? ನಮ್ಮ ಓರಗಿತ್ತಿ, "ಇದು ನಮ್ಮ ಕವಳಿಕಾಯಿಯೇ, ಹೆಸರು ಮಾತ್ರ ಬೇರೆ" ಅನ್ನುತ್ತಾರೆ. ಮೂತ್ರದ ಸೋಂಕಿಗೆ ಔಷಧಿ ಎಂದೂ ಕೇಳಿದ್ದೇನೆ. ದಿನನಿತ್ಯದ ಅಡುಗೆಗೆ ಇದು ಹೊಂದುತ್ತದೆಯೇ, ದಯವಿಟ್ಟು ತಿಳಿಸಿ.
— ಗೃಹಿಣಿ, ಸಾಗರ

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು. ಈಗ ನಮ್ಮ ಊರುಗಳ ಅಂಗಡಿಗಳಲ್ಲೂ ಗೋಡಂಬಿ, ಬಾದಾಮಿಗಳ ಪಕ್ಕದಲ್ಲಿ ಈ ಕೆಂಪು ಹಣ್ಣಿನ ಡಬ್ಬಿ ಕಾಣಿಸುತ್ತದೆ. ಕೊಂಡವರಲ್ಲಿ ಅನೇಕರು ನಾಲ್ಕು ದಿನ ಬಾಯಾಡಿಸಿ, ಆಮೇಲೆ ಏನು ಮಾಡುವುದೆಂದು ತೋಚದೆ ಕಪಾಟಿನ ಹಿಂದಕ್ಕೆ ತಳ್ಳುತ್ತಾರೆ. ನಿಮ್ಮ ಪತ್ರದಲ್ಲಿರುವುದು ಮೂರು ಸಂಶಯ: ಇದು ಯಾವ ಹಣ್ಣು, ಅಡುಗೆಯಲ್ಲಿ ಎಲ್ಲಿ ಸೇರುತ್ತದೆ, ಔಷಧಿ ಅನ್ನುವುದು ನಿಜವೇ. ಮೊದಲನೆಯದು ಬಗೆಹರಿದರೆ ಉಳಿದೆರಡು ಸುಲಭ. ಅಲ್ಲಿಂದಲೇ ಹೊರಡೋಣ.

ಕ್ರ್ಯಾನ್‌ಬೆರಿ ಉತ್ತರ ಅಮೆರಿಕದ ಹಣ್ಣು. ಸಸ್ಯಶಾಸ್ತ್ರಜ್ಞರು ಇದನ್ನು ವ್ಯಾಕ್ಸೀನಿಯಂ ಮ್ಯಾಕ್ರೋಕಾರ್ಪನ್ ಎನ್ನುತ್ತಾರೆ. ಬ್ಲೂಬೆರಿಯ ಹತ್ತಿರದ ಬಂಧು. ನೆಲಕ್ಕಂಟಿಕೊಂಡು ಬಳ್ಳಿಯಂತೆ ಹಬ್ಬುವ ಗಿಡ. ಹುಳಿ ಗುಣದ ಮರಳು ಮಿಶ್ರಿತ ಜೌಗು ನೆಲ ಬೇಕು, ವರ್ಷದಲ್ಲಿ ಕೆಲವು ತಿಂಗಳು ಕೊರೆಯುವ ಚಳಿಯೂ ಬೇಕು. ಅಮೆರಿಕದಲ್ಲಿ ಬೆಳೆಯುವ ಕ್ರ್ಯಾನ್‌ಬೆರಿಯಲ್ಲಿ ಅರ್ಧಕ್ಕಿಂತ ಹೆಚ್ಚು ವಿಸ್ಕಾನ್ಸಿನ್ ರಾಜ್ಯದ್ದು. ಆಮೇಲೆ ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ, ಆರೆಗಾನ್, ವಾಷಿಂಗ್ಟನ್. ಕೆನಡಾದ ಕ್ವೆಬೆಕ್ ಮತ್ತು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಗಳಲ್ಲೂ, ದಕ್ಷಿಣದ ಚಿಲಿ ದೇಶದಲ್ಲೂ ಬೆಳೆಯುತ್ತಾರೆ.

ಉತ್ತರ ಅಮೆರಿಕದ ಮೂಲನಿವಾಸಿಗಳಿಗೆ ಇದು ಬಹಳ ಹಳೆಯ ಆಹಾರ. ಒಣಗಿಸಿದ ಮಾಂಸವನ್ನು ಕುಟ್ಟಿ, ಕೊಬ್ಬು ಮತ್ತು ಹಣ್ಣುಗಳ ಜೊತೆ ಕಲಸಿ ದೀರ್ಘ ಪ್ರಯಾಣಕ್ಕೆ ಕಟ್ಟಿಕೊಳ್ಳುತ್ತಿದ್ದ 'ಪೆಮಿಕನ್' ಎಂಬ ಬುತ್ತಿಗೂ ಈ ಹಣ್ಣು ಬೀಳುತ್ತಿತ್ತು. ಮ್ಯಾಸಚೂಸೆಟ್ಸ್‌ನ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿರುವ ವಾಂಪನೋಗ್ ಜನ ಈಗಲೂ ಅಕ್ಟೋಬರ್ ತಿಂಗಳ ಎರಡನೆಯ ಮಂಗಳವಾರ ಕ್ರ್ಯಾನ್‌ಬೆರಿ ದಿನ ಆಚರಿಸುತ್ತಾರೆ. ಕಾಡಿನಲ್ಲಿ ತಾನಾಗಿ ಬೆಳೆಯುತ್ತಿದ್ದುದನ್ನು ತೋಟದ ಬೆಳೆಯಾಗಿಸಿದ ಹೆಸರು ಹೆನ್ರಿ ಹಾಲ್ ಎಂಬಾತನದು. 1816ರ ಸುಮಾರಿಗೆ ಅದೇ ರಾಜ್ಯದ ಕೇಪ್ ಕಾಡ್‌ನಲ್ಲಿ, ಗಾಳಿಗೆ ಮರಳು ಹಾರಿಬಂದು ಮುಚ್ಚಿದ ಕಡೆ ಬಳ್ಳಿ ಹೆಚ್ಚು ಹುಲುಸಾಗಿ ಬರುವುದನ್ನು ಆತ ಗಮನಿಸಿದ. ಬೆಳೆಗಾರರು ಇಂದಿಗೂ ತೋಟಕ್ಕೆ ಮರಳು ಹರಡುತ್ತಾರೆ.

ನೀರಿನ ಮೇಲೆ ಕೆಂಪು ಹಣ್ಣು ತೇಲುವ ಚಿತ್ರವನ್ನು ನೀವು ನೋಡಿರಬಹುದು. ಅದನ್ನು ಕಂಡು ಇದು ನೀರಿನಲ್ಲಿ ಬೆಳೆಯುವ ಹಣ್ಣು ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಹಣ್ಣಿನ ಒಳಗೆ ಗಾಳಿ ತುಂಬಿದ ನಾಲ್ಕು ಪುಟ್ಟ ಕೋಣೆಗಳಿವೆ. ಕೊಯ್ಲಿನ ಹೊತ್ತಿಗೆ ತೋಟಕ್ಕೆ ನೀರು ಕಟ್ಟಿ ಬಳ್ಳಿಯನ್ನು ಅಲುಗಿಸಿದರೆ ಹಣ್ಣು ಬಿಡಿಸಿಕೊಂಡು ಮೇಲೆ ತೇಲುತ್ತದೆ, ಬಾಚಿಕೊಳ್ಳುವುದು ಸುಲಭ. ಕೆಲಸ ಮುಗಿದ ಮೇಲೆ ನೀರು ಬಿಟ್ಟುಬಿಡುತ್ತಾರೆ.

ಇನ್ನು ನಿಮ್ಮ ಓರಗಿತ್ತಿಯವರ ಮಾತಿಗೆ ಬರುತ್ತೇನೆ. ಅವರು ಹಾಗೆ ಅಂದುಕೊಂಡಿದ್ದು ಸಹಜ. ಕವಳಿಕಾಯಿಯನ್ನು 'ಇಂಡಿಯನ್ ಕ್ರ್ಯಾನ್‌ಬೆರಿ' ಎಂದು ಬರೆಯುವ, ಮಾರುವ ರೂಢಿಯೂ ಉಂಟು. ಆದರೆ ಇವೆರಡೂ ಬೇರೆ ಬೇರೆ ಕುಟುಂಬದ ಗಿಡಗಳು. ಮಲೆನಾಡಿನಲ್ಲಿ ಕವಳಿ, ಕರಾವಳಿಯಲ್ಲಿ ಕರಂಡೆ ಎನ್ನುವ ನಮ್ಮ ಕಾಯಿ ಮುಳ್ಳುಪೊದೆಯದ್ದು. ಕಿತ್ತರೆ ತೊಟ್ಟಿನಲ್ಲಿ ಬಿಳಿ ಹಾಲು ಜಿನುಗುತ್ತದೆ, ಬೇಸಿಗೆಯ ಕೊನೆಗೆ ಹಣ್ಣಾಗಿ ಕಪ್ಪು ನೇರಳೆಗೆ ತಿರುಗುತ್ತದೆ. ಉಪ್ಪಿನಲ್ಲಿ ಹಾಕಿಡುವ ಎಳೆಗಾಯಿಯ ಹುಳಿ ಮತ್ತು ಕ್ರ್ಯಾನ್‌ಬೆರಿಯ ಹುಳಿ ಒಂದಕ್ಕೊಂದು ಹತ್ತಿರ ಬರುತ್ತವೆ, ಅಷ್ಟೇ ಸಂಬಂಧ. ಬೇಕರಿಯ ಕೇಕಿನ ಮೇಲೆ 'ಚೆರ್ರಿ' ಎಂದು ಕೂರಿಸುವ ಹೊಳೆಯುವ ಕೆಂಪು ಗುಂಡು ಬಹಳ ಸಲ ಇದೇ ಕವಳಿಕಾಯಿ. ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ್ದು.

ನಿಮಗೆ ಬಂದದ್ದು ಅಮೆರಿಕದ ಪೊಟ್ಟಣವಾದ್ದರಿಂದ ಗೊಂದಲವಿಲ್ಲ. ಇಲ್ಲಿ ಬಿಡಿಯಾಗಿ ತೂಗಿ ಕೊಡುವಲ್ಲಿ ಮಾತ್ರ ಸ್ವಲ್ಪ ಎಚ್ಚರ ಒಳ್ಳೆಯದು. ಸಾಮಾನ್ಯವಾಗಿ ಒಣ ಕ್ರ್ಯಾನ್‌ಬೆರಿ ಕತ್ತರಿಸಿದ ಹೋಳಿನಂತೆ ಚಪ್ಪಟೆಯಾಗಿ ಸುಕ್ಕುಗಟ್ಟಿರುತ್ತದೆ. ಬಣ್ಣ ಕುಂಕುಮದಷ್ಟು ಉಜ್ವಲವಲ್ಲ, ಕಂದು ಬೆರೆತ ಕಡುಗೆಂಪು. ದುಂಡಗೆ, ಉಜ್ವಲ ಕೆಂಪಗೆ ಹೊಳೆಯುತ್ತಿದ್ದು, ನೀರಿಗೆ ಹಾಕಿದ ಕೂಡಲೇ ಬಣ್ಣ ಬಿಟ್ಟರೆ ಅದು ಬೇರೆ ಹಣ್ಣಿರಬಹುದು. ಮುಚ್ಚಿದ ಪೊಟ್ಟಣವಾದರೆ ಹಿಂದಿನ ಪಟ್ಟಿಯಲ್ಲಿ ಬೆಳೆದ ದೇಶ ಯಾವುದೆಂದು ನೋಡಿ.

ಒಣದ್ರಾಕ್ಷಿಯ ಹಾಗೇ ಬಳಸಬಹುದೇ ಎಂಬುದಕ್ಕೆ ಉತ್ತರ ಹಣ್ಣನ್ನು ಒಣಗಿಸುವ ಬಗೆಯಲ್ಲಿದೆ. ದ್ರಾಕ್ಷಿಯಲ್ಲಿ ಸಕ್ಕರೆ ಹುಟ್ಟಿನಿಂದಲೇ ಇದೆ. ನೀರು ಆರಿದರೆ ಸಿಹಿ ತಾನಾಗಿ ಗಟ್ಟಿಯಾಗುತ್ತದೆ. ಹಸಿ ಕ್ರ್ಯಾನ್‌ಬೆರಿಯ 100 ಗ್ರಾಂನಲ್ಲಿ ಸಕ್ಕರೆ ಇರುವುದು ಸುಮಾರು 4 ಗ್ರಾಂ ಮಾತ್ರ. ಹುಳಿಯೋ, ಹಲ್ಲು ಜುಮ್ಮೆನ್ನುವಷ್ಟು, ಜೊತೆಗೆ ಒಗರು. ಹಾಗೆಯೇ ಒಣಗಿಸಿದರೆ ತಿನ್ನಲು ಬಾರದು. ಸಿಪ್ಪೆಯೂ ಮೇಣ ಸವರಿದಂತೆ ದಪ್ಪ, ಬಿಸಿಲಿಗೆ ಇಟ್ಟರೆ ಸುಲಭಕ್ಕೆ ಆರುವುದಿಲ್ಲ. ಅದಕ್ಕೆ ಕಾರ್ಖಾನೆಯಲ್ಲಿ ಹಣ್ಣನ್ನು ಮೊದಲು ಹೆಪ್ಪುಗಟ್ಟಿಸಿ, ಕತ್ತರಿಸಿ, ರಸದ ಬಹುಪಾಲನ್ನು ತೆಗೆಯುತ್ತಾರೆ. ರಸ ಬಾಟಲಿಗೆ ಹೋಗುತ್ತದೆ. ಉಳಿದ ಹೋಳು ಸಕ್ಕರೆ ಪಾಕ ಹೀರಿಕೊಂಡ ಮೇಲೆ ಬಿಸಿಗಾಳಿಯಲ್ಲಿ ಒಣಗಿಸಿ, ಒಂದಕ್ಕೊಂದು ಅಂಟದಂತೆ ಸೂರ್ಯಕಾಂತಿ ಎಣ್ಣೆಯ ಪಸೆ ಕೊಡುತ್ತಾರೆ. ಹೀಗೆ ತಯಾರಾದ 100 ಗ್ರಾಂ ಹಣ್ಣಿನಲ್ಲಿ ಸಕ್ಕರೆ ಸುಮಾರು 70 ಗ್ರಾಂ. ಅದರಲ್ಲಿ ಹೆಚ್ಚಿನದು ಹೊರಗಿನಿಂದ ಸೇರಿದ್ದು. ಸೇಬಿನ ರಸದಿಂದ ಸಿಹಿಗೊಳಿಸಿದ್ದು ಎಂದು ಬರೆದಿರುವ ಪೊಟ್ಟಣಗಳೂ ಬರುತ್ತವೆ. ಅಲ್ಲಿಯೂ ಸೇರುವುದು ಸಕ್ಕರೆಯೇ.

ಆದ್ದರಿಂದ ಇದನ್ನು ಒಣದ್ರಾಕ್ಷಿಯ ತಮ್ಮ ಎಂದು ತಿಳಿಯುವುದಕ್ಕಿಂತ ನೆಲ್ಲಿಕಾಯಿ ಮುರಬ್ಬದ ನೆಂಟ ಎಂದು ತಿಳಿದರೆ ಅಡುಗೆಯಲ್ಲಿ ಲೆಕ್ಕ ತಪ್ಪುವುದಿಲ್ಲ. ಹುಳಿ ಒಳಗಿದೆ, ಸಿಹಿ ಮೇಲಿನಿಂದ ಬಂದಿದೆ. ಇದನ್ನು ಹಾಕಿದ ಅಡುಗೆಗೆ ಬೆಲ್ಲ ಅಥವಾ ಸಕ್ಕರೆಯನ್ನು ಅಷ್ಟರ ಮಟ್ಟಿಗೆ ಕಡಿಮೆ ಮಾಡಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ 'ಹಣ್ಣಲ್ಲವೇ' ಎಂದು ಕೈತುಂಬ ಕೊಡುವಂತಿಲ್ಲ.

ಈಗ ಅಡುಗೆಗೆ. ಅಮೆರಿಕದವರು ಇದನ್ನು ಎಲ್ಲಿ ಹಾಕುತ್ತಾರೆ ನೋಡಿ: ಬೆಳಗಿನ ಓಟ್ಸ್ ಗಂಜಿಗೆ, ಸೊಪ್ಪಿನ ಸಲಾಡ್‌ಗೆ ಅಕ್ರೋಟು ಮತ್ತು ಉಪ್ಪುಪ್ಪಾದ ಚೀಸ್ ಜೊತೆ, ಕೋಳಿಮಾಂಸದ ಸಲಾಡ್‌ಗೆ, ಬೆಣ್ಣೆ ಬಿಸ್ಕತ್ತಿಗೆ, ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ಟರ್ಕಿ ಕೋಳಿಯೊಂದಿಗೆ ಮಾಡುವ ಬ್ರೆಡ್ಡಿನ ಹೂರಣಕ್ಕೆ. ಸಪ್ಪೆಯಾದ, ಕೊಬ್ಬಿರುವ ಅಥವಾ ಉಪ್ಪಾದ ಪದಾರ್ಥದ ನಡುವೆ ಆಗೊಮ್ಮೆ ಈಗೊಮ್ಮೆ ಹಲ್ಲಿಗೆ ಸಿಗುವ ಹುಳಿಸಿಹಿ ಬೇಕಾದಾಗ ಅವರು ಇದರ ಕಡೆ ಕೈಚಾಚುತ್ತಾರೆ. ಇರಾನಿನವರ ಜೆರೆಶ್ಕ್ ಪೋಲೋ ಎಂಬ ಅನ್ನಕ್ಕೆ ಬಾರ್ಬೆರಿ ಎಂಬ ಸಣ್ಣ ಹುಳಿಹಣ್ಣು ಬೇಕು. ಅದು ಸಿಗದ ಕಡೆ ಒಣ ಕ್ರ್ಯಾನ್‌ಬೆರಿಯನ್ನು ಹೆಚ್ಚಿ ಹಾಕುವುದು ರೂಢಿಯಾಗಿದೆ. ಈ ಜಾಡು ಹಿಡಿದರೆ ನಮ್ಮ ಅಡುಗೆಯಲ್ಲಿ ಇದರ ಜಾಗ ತಾನಾಗಿ ಗೊತ್ತಾಗುತ್ತದೆ.

ನನ್ನ ಮಟ್ಟಿಗೆ ಮೊದಲ ಜಾಗ ಮೊಸರನ್ನದ್ದು. ದಾಳಿಂಬೆ ಕಾಳು ಅಥವಾ ದ್ರಾಕ್ಷಿ ಹಾಕುವ ಅಭ್ಯಾಸ ನಮ್ಮಲ್ಲಿ ಇದ್ದೇ ಇದೆ. ಸಾಸಿವೆ, ಶುಂಠಿ, ಹಸಿಮೆಣಸಿನ ಒಗ್ಗರಣೆ ಕೊಟ್ಟ ಮೊಸರನ್ನಕ್ಕೆ ಇಬ್ಬರ ಪಾಲಿಗೆ ಒಂದು ದೊಡ್ಡ ಚಮಚ ಒಣ ಕ್ರ್ಯಾನ್‌ಬೆರಿ ಸಾಕು. ದೊಡ್ಡ ಹೋಳಿದ್ದರೆ ಎರಡಾಗಿ ಹೆಚ್ಚಿ. ಬಡಿಸುವ ಹೊತ್ತಿಗೆ ಬೆರೆಸಿ. ಬೆಳಿಗ್ಗೆ ಕಲಸಿ ಮಧ್ಯಾಹ್ನದ ಡಬ್ಬಿಗೆ ಕಟ್ಟಿದರೆ ಅನ್ನ ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕೆಡುವುದಿಲ್ಲ, ನೋಡುವವರಿಗೆ ಅನುಮಾನ ಬರುತ್ತದೆ ಅಷ್ಟೇ.

ಎರಡನೆಯದು ಗೊಜ್ಜು. ಅನಾನಸ್ ಗೊಜ್ಜಿನ ಹುಳಿ, ಸಿಹಿ, ಖಾರದ ಹದ ಬಲ್ಲವರಿಗೆ ಇದು ಹೊಸ ವಿದ್ಯೆಯೇನಲ್ಲ. ಅರ್ಧ ಬಟ್ಟಲು ಹಣ್ಣನ್ನು ಒಂದು ಬಟ್ಟಲು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ. ನೆನೆಸಿದ ನೀರನ್ನು ಚೆಲ್ಲಬೇಡಿ, ಹುಳಿಯೂ ಸಿಹಿಯೂ ಅದಕ್ಕೆ ಇಳಿದಿರುತ್ತವೆ. ಎಳ್ಳು, ಉದ್ದಿನಬೇಳೆ, ನಾಲ್ಕು ಕಾಳು ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ ಹುರಿದು, ಸ್ವಲ್ಪ ತೆಂಗಿನತುರಿಯೊಡನೆ ರುಬ್ಬಿಕೊಳ್ಳಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಅರಿಸಿನ ಹಾಕಿ, ನೆನೆದ ಹಣ್ಣು, ಅದರ ನೀರು, ಉಪ್ಪು, ಚಿಟಿಕೆ ಹುಣಸೆರಸ ಸೇರಿಸಿ ಕುದಿಸಿ. ಆಮೇಲೆ ರುಬ್ಬಿದ್ದು ಬೆರೆಸಿ ಗಟ್ಟಿಯಾಗುವವರೆಗೆ ಸಣ್ಣ ಉರಿಯಲ್ಲಿ ಇಡಿ. ಬೆಲ್ಲವನ್ನು ಮೊದಲೇ ಹಾಕಬೇಡಿ. ರುಚಿ ನೋಡಿ, ಬೇಕೆನಿಸಿದರೆ ಮಾತ್ರ ಚೂರು. ಹೆಚ್ಚಿನ ಸಲ ಬೇಕಾಗುವುದಿಲ್ಲ. ಹುಣಸೆರಸ ಏಕೆ ಎಂದು ನೀವು ಕೇಳಬಹುದು: ಒಣಹಣ್ಣಿನ ರಸ ಆಗಲೇ ತೆಗೆದಿರುವುದರಿಂದ ಅದೊಂದರ ಹುಳಿ ಗೊಜ್ಜಿಗೆ ಸಾಲದು. ಅನ್ನಕ್ಕೆ, ಅಕ್ಕಿರೊಟ್ಟಿಗೆ, ನೀರುದೋಸೆಗೆ ಈ ಗೊಜ್ಜು ಹೊಂದುತ್ತದೆ.

ಇಲ್ಲಿ ನಿಮ್ಮ ಮಗಳ ಅಡುಗೆಗೂ ಸಂಬಂಧಿಸಿದ ಒಂದು ಮಾತು. ಅಮೆರಿಕದಲ್ಲಿರುವ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಂಗಡಿಗೆ ಬರುವ ತಾಜಾ ಕ್ರ್ಯಾನ್‌ಬೆರಿಯಿಂದ ತೊಕ್ಕು, ಉಪ್ಪಿನಕಾಯಿ, ಚಿತ್ರಾನ್ನ ಮಾಡುತ್ತಾರೆ. ಮಾವಿನಕಾಯಿಯ ಜಾಗಕ್ಕೆ ಅದು ಚೆನ್ನಾಗಿ ಕೂರುತ್ತದೆ. ಅವಳು ಆ ವಿಧಾನ ಹೇಳಿಕೊಟ್ಟರೆ ನಿಮ್ಮಲ್ಲಿರುವ ಒಣಹಣ್ಣಿನಲ್ಲಿ ಹಾಗೆಯೇ ಮಾಡಲು ಹೋಗಬೇಡಿ. ತಾಜಾ ಹಣ್ಣು ಬರೀ ಹುಳಿ. ಅದರ ಉಪ್ಪಿನಕಾಯಿ ಉಪ್ಪಿನಕಾಯಿಯಾಗುತ್ತದೆ. ಒಣಹಣ್ಣಿನದು ಸಿಹಿ ಚಟ್ನಿಯಾಗುತ್ತದೆ.

ಪುಲಾವು, ತುಪ್ಪದನ್ನಗಳಿಗೆ ಒಣದ್ರಾಕ್ಷಿಯ ಬದಲು ಇದನ್ನು ಹಾಕಬಹುದು, ನನ್ನ ನಾಲಿಗೆಗೆ ಇದೇ ಮೇಲು. ಆದರೆ ತುಪ್ಪದಲ್ಲಿ ದ್ರಾಕ್ಷಿ ಹುರಿದಂತೆ ಹುರಿಯಬೇಡಿ. ಕತ್ತರಿಸಿದ ಹೋಳಾದ್ದರಿಂದ ಉಬ್ಬಿ ದುಂಡಗಾಗುವುದಿಲ್ಲ, ಮೇಲಿನ ಸಕ್ಕರೆ ಬೇಗ ಸೀದು ಕಹಿಯಾಗುತ್ತದೆ. ಗೋಡಂಬಿ ಹುರಿದು ಒಲೆ ಆರಿಸಿ, ಆ ಬಿಸಿತುಪ್ಪದಲ್ಲಿ ಒಮ್ಮೆ ಹೊರಳಿಸಿದರೆ ಆಯಿತು. ಕೇಸರಿಬಾತಿಗೂ ಇದೇ ಕ್ರಮ. ಅನಾನಸ್ ಹಾಕಿದ ಕೇಸರಿಬಾತು ಇಷ್ಟಪಡುವವರಿಗೆ ಇದೂ ಹಿಡಿಸುತ್ತದೆ. ಸಕ್ಕರೆ ಅಳತೆಯಲ್ಲಿ ಒಂದೆರಡು ಚಮಚ ಕಡಿಮೆ ಮಾಡಿ.

ಪಾಯಸದ ವಿಷಯದಲ್ಲಿ ಹುಷಾರು. ಹಣ್ಣಿನಲ್ಲಿ ಹುಳಿ ಉಳಿದಿರುವುದರಿಂದ ಕುದಿಯುವ ಹಾಲಿಗೆ ಹಾಕಿದರೆ ಹಾಲು ಒಡೆಯಬಹುದು. ಶಾವಿಗೆ ಪಾಯಸ ಒಲೆಯಿಂದ ಇಳಿಸಿ, ಬೆಚ್ಚಗಾದ ಮೇಲೆ ಮೇಲಿನಿಂದ ಉದುರಿಸಿ.

ಸೋಡಾ ಇನ್ನೊಂದು ತಮಾಷೆ ಮಾಡುತ್ತದೆ. ಈ ಹಣ್ಣಿಗೆ ಕೆಂಪು ಕೊಟ್ಟಿರುವ ಬಣ್ಣದ್ರವ್ಯ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಅಡುಗೆಸೋಡಾ ಹೆಚ್ಚಾದ ಕೇಕಿನಲ್ಲಿ, ಸಿಹಿ ಪಡ್ಡಿನಲ್ಲಿ ಹಣ್ಣಿನ ಸುತ್ತ ನೀಲಿಯೋ ಹಸಿರೋ ಹೇಳಲಾಗದ ಕಲೆ ಕಾಣುತ್ತದೆ. ಬೂಸ್ಟು ಎಂದು ಹೆದರಿ ಎಸೆಯಬೇಡಿ, ತಿನ್ನಲು ತೊಂದರೆಯಿಲ್ಲ. ಹಿಟ್ಟಿಗೆ ಮೊಸರು ಸೇರಿಸಿ ಸೋಡಾ ಕಡಿಮೆ ಮಾಡಿದರೆ ಬಣ್ಣ ನಿಲ್ಲುತ್ತದೆ.

ಅವಲಕ್ಕಿ ಚೂಡಾ, ಮಂಡಕ್ಕಿ ಒಗ್ಗರಣೆಗಳಿಗೆ ಬೆರೆಸಿದರೆ ರುಚಿಯೇನೋ ಹೆಚ್ಚುತ್ತದೆ. ಡಬ್ಬಿಗೆ ತುಂಬಿಡುವಾಗ ಮಾತ್ರ ಬೆರೆಸಬಾರದು. ಒಣಹಣ್ಣು ಎಂದರೂ ಅದರಲ್ಲಿ ತೇವವಿದೆ. ಎರಡು ದಿನದಲ್ಲಿ ಅವಲಕ್ಕಿ ಮೆತ್ತಗಾಗುತ್ತದೆ. ತಿನ್ನುವಾಗ ಬಟ್ಟಲಿಗೆ ಹಾಕಿಕೊಳ್ಳಿ. ಹೆಸರುಬೇಳೆ ಕೋಸಂಬರಿಗೆ ಹಾಕಿದ ದಿನ ನಿಂಬೆರಸ ಅರ್ಧ ಮಾಡಿ. ರವೆ ಉಂಡೆಗೆ ದ್ರಾಕ್ಷಿಯ ಬದಲಾಗಿ ಸೇರುತ್ತದೆ. ಸಾರು, ಹುಳಿ, ಪಲ್ಯಗಳಿಗೆ ನಾನಂತೂ ಹಾಕುವುದಿಲ್ಲ. ಒಂದೊಂದು ತುತ್ತಿಗೂ ಸಿಹಿ ಸಿಕ್ಕರೆ ಸಾರು ಸಾರಾಗಿ ಉಳಿಯುವುದಿಲ್ಲ.

ಔಷಧಿಯ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಅಲ್ಲಿ ಅರ್ಧ ಸತ್ಯವಿದೆ. ಕ್ರ್ಯಾನ್‌ಬೆರಿಯಲ್ಲಿ ಪ್ರೋಆಂಥೋಸಯನಿಡಿನ್ ಎಂಬ ಒಗರು ವಸ್ತುಗಳಿವೆ. ಮೂತ್ರದ ಸೋಂಕಿಗೆ ಸಾಮಾನ್ಯ ಕಾರಣವಾದ ಇ. ಕೋಲಿ ಬ್ಯಾಕ್ಟೀರಿಯಾ ಮೂತ್ರನಾಳದ ಗೋಡೆಗೆ ಅಂಟಿಕೊಳ್ಳುವುದನ್ನು ಅವು ತಡೆಯುತ್ತವೆ ಎಂಬುದು ಇದರ ಹಿಂದಿನ ವಿವರಣೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2023ರ ವರದಿ, ಮತ್ತೆ ಮತ್ತೆ ಸೋಂಕು ಬರುವ ಮಹಿಳೆಯರಲ್ಲಿ ಮತ್ತು ಮಕ್ಕಳಲ್ಲಿ ಕ್ರ್ಯಾನ್‌ಬೆರಿ ಉತ್ಪನ್ನಗಳು ಸೋಂಕು ಮರುಕಳಿಸುವ ಸಾಧ್ಯತೆಯನ್ನು ತಗ್ಗಿಸುತ್ತವೆ ಎಂದು ಹೇಳಿದೆ. ಗರ್ಭಿಣಿಯರಿಗೆ, ಆರೈಕೆ ಕೇಂದ್ರಗಳಲ್ಲಿರುವ ವೃದ್ಧರಿಗೆ ಅಂಥ ಪ್ರಯೋಜನ ಕಂಡುಬಂದಿಲ್ಲ.

ಆದರೆ ಅವು ಮುಖ್ಯವಾಗಿ ರಸ, ಮಾತ್ರೆ ಮತ್ತು ಕ್ಯಾಪ್ಸೂಲ್‌ಗಳ ಮೇಲೆ ನಡೆದ ಪ್ರಯೋಗಗಳು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ಕ್ರ್ಯಾನ್‌ಬೆರಿ ಪಾನೀಯ ಮತ್ತು ಪೂರಕ ಮಾತ್ರೆಗಳ ಮೇಲೆ, ಆಧಾರ ಸೀಮಿತ ಎಂದು ಸ್ಪಷ್ಟವಾಗಿ ಸೇರಿಸಿ, ಈ ಪ್ರಯೋಜನದ ಮಾತು ಮುದ್ರಿಸಲು ಒಪ್ಪಿತು. ಒಣ ಕ್ರ್ಯಾನ್‌ಬೆರಿಗೆ ಆ ಒಪ್ಪಿಗೆ ಅನ್ವಯಿಸುವುದಿಲ್ಲ ಎಂದೂ ಹೇಳಿತು. ರಸ ತೆಗೆದು ಸಕ್ಕರೆ ತುಂಬಿದ ಹಣ್ಣಿನ ವಿಷಯದಲ್ಲಿ ಇದು ನ್ಯಾಯವೇ. ಇನ್ನೊಂದು: ಇವೆಲ್ಲ ತಡೆಗಟ್ಟುವ ಮಾತು, ಗುಣಪಡಿಸುವ ಮಾತಲ್ಲ. ಉರಿಮೂತ್ರ, ಜ್ವರ ಇದ್ದರೆ ವೈದ್ಯರ ಬಳಿಗೇ ಹೋಗಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಕ್ರ್ಯಾನ್‌ಬೆರಿಯನ್ನು ಯಾವ ರೂಪದಲ್ಲೇ ಆಗಲಿ ಹೆಚ್ಚಾಗಿ ತಿನ್ನುವ ಮುನ್ನ ಅವರ ವೈದ್ಯರನ್ನು ಕೇಳಿ. ಹಸಿಹಣ್ಣಿನಲ್ಲಿ ಇರುವ ಸಿ ಜೀವಸತ್ವವೂ ಒಣಹಣ್ಣಿನಲ್ಲಿ ಹೆಚ್ಚುಕಡಿಮೆ ಇಲ್ಲವಾಗಿರುತ್ತದೆ. ನಾರಿನಂಶ ಮಾತ್ರ ಚೆನ್ನಾಗಿ ಉಳಿದಿರುತ್ತದೆ, 100 ಗ್ರಾಂಗೆ ಸುಮಾರು 5 ಗ್ರಾಂ.

ಇಡುವ ಕ್ರಮ ಸರಳ. ಒಡೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಗೆ ಸುರಿದು, ಒಣ ಚಮಚದಲ್ಲೇ ತೆಗೆಯಿರಿ. ನಿಮ್ಮ ಸಾಗರದ ಮಳೆಗಾಲಕ್ಕೆ ಫ್ರಿಜ್ಜೇ ಸರಿಯಾದ ಜಾಗ. ಮೊದಲನೆಯದು ಮುಗಿಯುವವರೆಗೆ ಎರಡನೆಯ ಪೊಟ್ಟಣವನ್ನು ಒಡೆಯಬೇಡಿ. ಹಣ್ಣಿನ ಮೇಲೆ ಬಿಳಿ ಹರಳು ಕಂಡರೆ ಅದು ಹೊರಬಂದ ಸಕ್ಕರೆ, ಬಿಸಿನೀರಿಗೆ ಕರಗುತ್ತದೆ. ನೂಲಿನಂತೆ ಎಳೆ ಇದ್ದು ಮುಗ್ಗುವಾಸನೆ ಬಂದರೆ ಎಸೆಯಿರಿ. ಚಿಕ್ಕ ಮಕ್ಕಳಿಗೆ ಇಡಿಯಾಗಿ ಕೊಡದೆ ಸಣ್ಣಗೆ ಹೆಚ್ಚಿ ಕೊಡುವುದು ಒಳ್ಳೆಯದು.

ಈ ಪೊಟ್ಟಣಗಳು ಮುಗಿದ ಮೇಲೆ ಅಂಗಡಿಯಿಂದ ಮತ್ತೆ ತರಬೇಕೇ? 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ರ್ಯಾನ್‌ಬೆರಿಯ ಮೇಲಿನ ಆಮದು ಸುಂಕ ಇಳಿಸಲು ಭಾರತ ಒಪ್ಪಿಕೊಂಡಿದೆ, ಹಾಗಾಗಿ ಅಂಗಡಿಗಳಲ್ಲಿ ಇದು ಇನ್ನಷ್ಟು ಕಣ್ಣಿಗೆ ಬೀಳುವುದು ಸಹಜ. ಪುಲಾವು, ಮೊಸರನ್ನಗಳಲ್ಲಿ ಇದರ ರುಚಿ ಮನೆಯವರಿಗೆ ಹತ್ತಿದ್ದರೆ ವರ್ಷಕ್ಕೆ ಒಂದೆರಡು ಸಣ್ಣ ಪೊಟ್ಟಣ ತನ್ನಿ. ಆರೋಗ್ಯಕ್ಕೆಂದು ಮಾತ್ರ ಕೊಳ್ಳುವುದಾದರೆ ಆ ದುಡ್ಡಿಗೆ ನೆಲ್ಲಿಕಾಯಿ, ಪೇರಲೆ ತರುವುದು ಮೇಲು.